ಪಠ್ಯಕ್ರಮ ರಚನೆಯಲ್ಲಿ ಸಹಭಾಗಿತ್ವ: ಕುಶಲವಿದ್ಯೆಗಳ ಸಂದರ್ಭ

ವಿಶ್ವವಿದ್ಯಾಲಯ, ಕಾಲೇಜು ಮತ್ತು ಉದ್ಯೋಗದಾತರು ಒಡಗೂಡಿ ಪಠ್ಯಕ್ರಮವನ್ನು ರೂಪಿಸಬೇಕೆಂಬ ಆಶಯವು ಭಾರತದ ಉನ್ನತ ಶಿಕ್ಷಣದಲ್ಲಿ ಈಚಿನ ದಶಕಗಳಲ್ಲಿ ಬಲಗೊಂಡಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2014ರಲ್ಲಿ ಆರಂಭಿಸಿದ ಬಿ.ವೋಕ್. ಪದವಿ ಯೋಜನೆಯು ಈ ಆಶಯದ ಒಂದು ರೂಪ. ಅದರ ಮಾರ್ಗಸೂಚಿಯಂತೆ ಶೇ. 60ರಷ್ಟು ಭಾಗ ಕೌಶಲಕ್ಕೂ ಶೇ. 40ರಷ್ಟು ಸಾಮಾನ್ಯ ಶಿಕ್ಷಣಕ್ಕೂ ಮೀಸಲು. ಒಂದು ವರ್ಷ ಪೂರೈಸಿದವರಿಗೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ ದೊರೆಯುತ್ತದೆ.

ಈ ಮಾದರಿಯನ್ನು ಪಾರಂಪರಿಕ ಕುಶಲವಿದ್ಯೆಗಳಿಗೆ ಅನ್ವಯಿಸಿದಾಗ ಎದುರಾಗುವ ಮೊದಲ ಪ್ರಶ್ನೆ, ಇಲ್ಲಿ ಉದ್ಯೋಗದಾತನೆಂದರೆ ಯಾರು ಎಂಬುದು. ಬಿದರಿ ಕೆಲಸದ ಮನೆಗಳಲ್ಲಿಯೂ ಚನ್ನಪಟ್ಟಣದ ಗೊಂಬೆ ತಯಾರಿಕೆಯ ಮನೆಗಳಲ್ಲಿಯೂ ಯಜಮಾನ, ಕೆಲಸಗಾರ, ಗುರು ಮೂವರೂ ಒಬ್ಬನೇ ಆಗಿರುವುದುಂಟು. ಪಠ್ಯಕ್ರಮ ಸಮಿತಿಗೆ ಪ್ರತಿನಿಧಿಯನ್ನು ಕಳುಹಿಸುವ ಶಕ್ತಿ ದೊಡ್ಡ ವ್ಯಾಪಾರ ಸಂಸ್ಥೆಗಿರುತ್ತದೆ. ದಿನದ ದುಡಿಮೆ ಬಿಟ್ಟು ಬರಲಾಗದ ಕುಶಲಕರ್ಮಿಗಿರುವುದಿಲ್ಲ. ಹೀಗಾಗಿ ಮಾರುವವನ ಅಗತ್ಯವು ಪಠ್ಯವನ್ನು ಸೇರಿ, ಮಾಡುವವನ ಅರಿವು ಹೊರಗುಳಿಯುತ್ತದೆ.

ಎರಡನೆಯ ತೊಡಕು ಕಾಲಮಾನದ್ದು. ಪಠ್ಯದ ಬದಲಾವಣೆಯು ಅಧ್ಯಯನ ಮಂಡಳಿಯನ್ನೂ ಶೈಕ್ಷಣಿಕ ಪರಿಷತ್ತನ್ನೂ ದಾಟಿ ಬರಬೇಕು. ಮಾರುಕಟ್ಟೆಯ ಬೇಡಿಕೆ ಅಷ್ಟು ಕಾಯದು. ಕಸುಬಿನ ಕಲಿಕೆಯಾದರೋ ಸೆಮಿಸ್ಟರಿನ ಅವಧಿಗೆ ಒಗ್ಗುವುದಿಲ್ಲ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಹರಡುತ್ತದೆ. ಎಷ್ಟು ಒತ್ತಬೇಕೆಂಬುದನ್ನು ಕೈ ಅಭ್ಯಾಸದಿಂದಲೇ ತಿಳಿಯಬೇಕು. ಬಿದರಿ ಪಾತ್ರೆಗೆ ಕಪ್ಪು ಹಿಡಿಸಲು ಬಳಸುವ ಕೋಟೆಯ ಮಣ್ಣಿನ ಗುಣವನ್ನು ಗುರುತಿಸುವುದೂ ಅಂತಹುದೇ. ಮೂರು ಗಂಟೆಯ ಲಿಖಿತ ಪರೀಕ್ಷೆಯು ಈ ತಿಳಿವನ್ನು ಅಳೆಯಲಾರದು.

ಮೂರನೆಯದು ಬೋಧಕರ ಅರ್ಹತೆ. ಪದವಿಯಿಲ್ಲದ ಕುಶಲಕರ್ಮಿ ಕಾಲೇಜಿನಲ್ಲಿ ಅತಿಥಿಯಾಗಿ ಪ್ರದರ್ಶನ ನೀಡಬಲ್ಲನಾದರೂ ಅಂಕ ನೀಡುವ ಅಧಿಕಾರ ಬಹುತೇಕ ಆತನಿಗಿರುವುದಿಲ್ಲ. ಆಯೋಗವು 2022ರಲ್ಲಿ ಹೊರಡಿಸಿದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯು 15 ವರ್ಷಗಳ ಅನುಭವವುಳ್ಳ ಪರಿಣತರಿಗೆ ಔಪಚಾರಿಕ ಪದವಿಯನ್ನು ಕಡ್ಡಾಯಗೊಳಿಸದೆ ಒಂದು ದಾರಿ ತೆರೆದಿದೆ. ಆದರೆ ಮಂಜೂರಾದ ಹುದ್ದೆಗಳ ಶೇ. 10ರ ಮಿತಿಯೊಳಗೆ ಕುಶಲಕರ್ಮಿಗೆ ಸ್ಥಾನ ದೊರೆಯುವುದು ಸಂಸ್ಥೆಗಳ ಇಚ್ಛೆಯನ್ನೇ ಅವಲಂಬಿಸಿದೆ.

2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ಈ ವಿಷಯದಲ್ಲಿ ಮೇಲ್ಪಂಕ್ತಿ ಹಾಕಬಹುದಾಗಿದೆ. ಸಮಿತಿಯ ಸಭೆಗೆ ಬರುವ ಕುಶಲಕರ್ಮಿಗೆ ಆ ದಿನದ ಕೂಲಿ, ಕಸುಬಿನ ಮನೆಯಲ್ಲಿಯೇ ಕಲಿಕೆ, ಮೌಲ್ಯಮಾಪನದಲ್ಲಿ ಗುರುವಿನ ಅಂಕ: ಈ ಮೂರು ಇಲ್ಲದ ಸಹಭಾಗಿತ್ವವು ಒಡಂಬಡಿಕೆಯ ಪತ್ರದಲ್ಲಿಯೇ ಉಳಿಯುತ್ತದೆ.