ಮಕ್ಕಳ ಟಿಕ್ ತೊಂದರೆ: ಗದರಿಕೆ ಔಷಧವಲ್ಲ

ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ಮಗು ಪದೇ ಪದೇ ಕಣ್ಣು ಮಿಟುಕಿಸಿದರೆ ಘಾಟೇ ಕಾರಣವೆಂದು ಭಾವಿಸುವುದು ಸಹಜ. ಘಾಟಿಲ್ಲದಾಗಲೂ ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು, ಗಂಟಲು ಸರಿಪಡಿಸಿಕೊಳ್ಳುವುದು ಮರುಕಳಿಸುತ್ತಿದ್ದರೆ ಅದು ‘ಟಿಕ್’ ಎಂಬ ಅನೈಚ್ಛಿಕ ಚಲನೆಯಿರಬಹುದು. ಅದು ಹಟವಲ್ಲ, ಚೇಷ್ಟೆಯೂ ಅಲ್ಲ. ಸಾಮಾನ್ಯವಾಗಿ 5ರಿಂದ 7ನೆಯ ವಯಸ್ಸಿನಲ್ಲಿ ತೋರಿ, 10–12ರಲ್ಲಿ ಉಲ್ಬಣಿಸಿ, ಅನೇಕರಲ್ಲಿ ಹರೆಯ ಕಳೆಯುವಷ್ಟರಲ್ಲಿ ತಗ್ಗುತ್ತದೆ.

ಚೀನೀ ವೈದ್ಯಪದ್ಧತಿಯು ಇದನ್ನು ಯಕೃತ್ತಿನಿಂದೆದ್ದ ‘ಗಾಳಿ’ಯೆಂದು ಬಗೆದು ತಿಯೆನ್‌ಮಾ ಗಡ್ಡೆ, ಗೌತೆಂಗ್ ಬಳ್ಳಿಗಳ ಕಷಾಯ ಕೊಡುತ್ತದೆ. ಆಯುರ್ವೇದವೂ ಚಲನೆಗೆ ವಾತವೇ ಮೂಲವೆಂದು ಅಭ್ಯಂಗ, ಬ್ರಾಹ್ಮಿಗಳನ್ನು ಸೂಚಿಸುತ್ತದೆ. ಟಿಕ್ ವಿಷಯದಲ್ಲಿ ಎರಡಕ್ಕೂ ದೃಢವಾದ ಪ್ರಮಾಣ ಇನ್ನೂ ಸಾಲದು. ಎರಡೂ ಪದ್ಧತಿಗಳಲ್ಲಿ ಪಾದರಸವುಳ್ಳ ಇಂಗಳೀಕ ಬೆರೆತ ಔಷಧಗಳುಂಟು; ಅಂಥವನ್ನು ಪಾಲಕರು ತಾವೇ ತಂದು ಮಗುವಿಗೆ ಕೊಡಲೇಬಾರದು. ವೈದ್ಯರು ಕೊಟ್ಟ ಔಷಧವನ್ನು ತಾವಾಗಿ ನಿಲ್ಲಿಸಲೂಬಾರದು.

ಗದರಿದರೆ ಆತಂಕ ಹೆಚ್ಚಿ, ಟಿಕ್ ಕೂಡ ಹೆಚ್ಚುತ್ತದೆ. ಕಂಡೂ ಕಾಣದಂತಿರುವುದೇ ಮನೆಯ ಮೊದಲ ಚಿಕಿತ್ಸೆ. ಶಾಲೆಯ ಗುರುಗಳಿಗೂ ಇದನ್ನು ತಿಳಿಸಿರಿ. ಕಲಿಕೆಗೆ, ನಿದ್ರೆಗೆ ಅಡ್ಡಿಯಾದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಪಾಲಕರಿಗೆ ಧಾರವಾಡದ ಡಿಮ್ಹಾನ್ಸ್ ದೂರವಲ್ಲ. ಟಿಕ್ ಬರುವ ಮುನ್ಸೂಚನೆಯನ್ನು ಗುರುತಿಸಿ ಬೇರೊಂದು ಚಲನೆಯಿಂದ ಅದನ್ನು ತಡೆಯಲು ಕಲಿಸುವ ವರ್ತನಾ ಚಿಕಿತ್ಸೆಗೆ ಒಳ್ಳೆಯ ಆಧಾರವಿದೆ. ಮಗು ಪ್ರಜ್ಞೆ ತಪ್ಪಿದರಂತೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.