ಕೋಳಿಮನೆಯ ಉಷ್ಣತೆ

ಬೇಸಗೆಯಲ್ಲಿ ಮನುಷ್ಯನು ಬೆವರುತ್ತಾನೆ. ಬೆವರು ಆರುವಾಗ ಮೈಯ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಕೋಳಿಗೆ ಈ ಅನುಕೂಲವಿಲ್ಲ. ಅದಕ್ಕೆ ಬೆವರಿನ ಗ್ರಂಥಿಗಳೇ ಇಲ್ಲ. ಮೇಲಾಗಿ ಮೈತುಂಬ ಗರಿಗಳ ಹೊದಿಕೆ. ಅದರ ಮೈಯ ಉಷ್ಣತೆ ಸಹಜವಾಗಿಯೇ ಸುಮಾರು 41 ಡಿಗ್ರಿ ಸೆಂಟಿಗ್ರೇಡ್. ಸುತ್ತಣ ಗಾಳಿ 18ರಿಂದ 24 ಡಿಗ್ರಿಯೊಳಗಿದ್ದರೆ ಬೆಳೆದ ಕೋಳಿ ಸುಖವಾಗಿರುತ್ತದೆ. 30 ಡಿಗ್ರಿ ದಾಟಿತೆಂದರೆ ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಏದುಸಿರು ಬಿಡತೊಡಗುತ್ತದೆ. ಬಾಯಿ ಗಂಟಲುಗಳ ತೇವ ಆರುವುದೇ ಅದರ ಪಾಲಿನ ಬೆವರು. ಆಗ ಮೇವು ಸೇರದು; ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ; ಶಾಖ ಮಿತಿಮೀರಿದರೆ ಪ್ರಾಣವೇ ಹೋಗುತ್ತದೆ.

ಈ ಸಂಗತಿಯನ್ನು ನಾವು ಪುಸ್ತಕಕ್ಕಿಂತ ಮೊದಲು ನಷ್ಟದಿಂದ ಕಲಿತೆವು. ಚಿತ್ರದುರ್ಗದ ಸೀಮೆಯಿಂದ ಗಿಂಡಿಗೆ ಬಂದು ನೆಲಸಿದ ಮೊದಲ ವರ್ಷ ಹಿತ್ತಿಲಿನಲ್ಲಿ ಆರು ಹೇಂಟೆಗಳನ್ನು ಸಾಕಿದ್ದೆವು. ಮೇ ತಿಂಗಳಿನ ಅಗ್ನಿನಕ್ಷತ್ರದ ದಿನಗಳು ಬಂದವು. ಊರಿನ ಹಿರಿಯರು ಮಾಡುತ್ತಿದ್ದಂತೆ ಗೋಣಿತಾಟುಗಳನ್ನು ನೆನೆಸಿ, ಗೂಡಿನ ನಾಲ್ಕು ಕಡೆಗೂ ಇಳಿಬಿಟ್ಟು, ನೆಮ್ಮದಿಯಿಂದ ಹೊರಗೆ ಹೋದೆವು. ಸಂಜೆ ಬಂದು ನೋಡಿದರೆ ಎರಡು ಹೇಂಟೆಗಳು ಸತ್ತು ಬಿದ್ದಿದ್ದವು.

ತಪ್ಪು ಎಲ್ಲಿ? ನೀರು ಆವಿಯಾದರೆ ಮಾತ್ರ ತಂಪು. ಚಿತ್ರದುರ್ಗದ ಒಣಗಾಳಿ ನೀರನ್ನು ಬೇಗ ಹೀರುತ್ತದೆ. ಗಿಂಡಿಯಾದರೋ ಕಡಲಿಗೆ ಕೆಲವೇ ಮೈಲಿ ದೂರ. ಇಲ್ಲಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಗೋಣಿಯ ನೀರು ಸರಿಯಾಗಿ ಆರಲಿಲ್ಲ. ಆ ಗೋಣಿಯೇ ಮಧ್ಯಾಹ್ನ ಬೀಸುವ ಕಡಲಗಾಳಿಯನ್ನು ತಡೆಯಿತು. ಒಳಗೆ ತೇವ ಕವಿದುದರಿಂದ ಕೋಳಿಗಳ ಏದುಸಿರೂ ನಿಷ್ಫಲವಾಯಿತು.

ನಮ್ಮ ನೆರೆಯ ನಂದನದ ಹೆಸರನ್ನು ಹೊತ್ತ ‘ನಂದನಂ ಕೋಳಿ’ ಎಂಬ ತಳಿಯೇ ಉಂಟು. ತಳಿ ಎಷ್ಟು ಒಳ್ಳೆಯದಾದರೂ ಮನೆ ಸರಿಯಿಲ್ಲದಿದ್ದರೆ ಫಲವಿಲ್ಲ. ಕಡಲತೀರದ ಊರಿನಲ್ಲಿ ಕೋಳಿಮನೆಗೆ ಮೊದಲು ಬೇಕಾದುದು ಗಾಳಿ, ಆಮೇಲೆ ನೆರಳು, ಕೊನೆಗೆ ನೀರು. ಮನೆಯ ಉದ್ದವು ಪೂರ್ವಪಶ್ಚಿಮವಾಗಿರಬೇಕು. ಆಗ ಬೆಳಗಿನ ಮತ್ತು ಸಂಜೆಯ ಬಿಸಿಲು ಗಿಡ್ಡ ಗೋಡೆಗಳಿಗೆ ಮಾತ್ರ ಹೊಡೆಯುತ್ತದೆ. ಉದ್ದನೆಯ ಬದಿಗಳಿಗೆ ಗೋಡೆಯ ಬದಲು ತಂತಿಯ ಜಾಲರಿ ಇರಲಿ. ಸೂರು ಮೂರು ಅಡಿಯಾದರೂ ಮುಂಚಾಚಿರಲಿ. ತಗಡಿನ ಮಾಡಿಗೆ ಸುಣ್ಣ ಬಳಿದರೆ ಅಥವಾ ತೆಂಗಿನ ಗರಿ ಹೊದಿಸಿದರೆ ಶಾಖ ಕಡಿಮೆಯಾಗುತ್ತದೆ. ನೀರನ್ನು ಮಾಡಿನ ಮೇಲೆ ಚಿಮುಕಿಸಬೇಕು, ಒಳಗಲ್ಲ. ಪಡುವಣ ಒಣಗಾಳಿ ಬೀಸುವ ದಿನ ಮಾತ್ರ ಆ ಒಂದು ಬದಿಗೆ ಒದ್ದೆ ಗೋಣಿ ಕಟ್ಟಿ, ಕಡಲಗಾಳಿ ಬಂದೊಡನೆ ತೆಗೆಯಬೇಕು. ಕುಡಿಯುವ ನೀರು ತಣ್ಣಗಿರಲಿ. ಮೇವು ಅರಗುವಾಗಲೂ ಮೈ ಬಿಸಿಯಾಗುವುದರಿಂದ ಅದನ್ನು ಬೆಳಗ್ಗೆ ಮತ್ತು ಸಂಜೆ ಕೊಡುವುದು ಲೇಸು.

ಎಳೆಯ ಮರಿಗಳ ವಿಷಯ ಬೇರೆ. ಮೊದಲ ವಾರ ಅವಕ್ಕೆ ಸುಮಾರು 35 ಡಿಗ್ರಿಯ ಬಿಸಿ ಬೇಕು. ಬಳಿಕ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬಹುದು. ಉಷ್ಣಮಾಪಕವಿಲ್ಲದಿದ್ದರೆ ಮರಿಗಳನ್ನೇ ನೋಡಿರಿ. ದೀಪದಡಿ ಒತ್ತೊತ್ತಾಗಿ ಸೇರಿದರೆ ಚಳಿ. ಬಾಯಿ ತೆರೆದು ದೂರ ಸರಿದರೆ ಸೆಕೆ. ಎಲ್ಲೆಡೆ ಹರಡಿ ಆಡುತ್ತಿದ್ದರೆ ಹದ.

ವಿದ್ಯಾರ್ಥಿ ಮಿತ್ರರೇ, ಊರಿನಿಂದ ತಂದ ತಿಳಿವಳಿಕೆ ಸುಳ್ಳಲ್ಲ. ಬಂದ ಊರಿನ ಗಾಳಿಯಲ್ಲಿ ಅದನ್ನು ಒಮ್ಮೆ ಪರೀಕ್ಷಿಸಿ ನೋಡಬೇಕು, ಅಷ್ಟೆ. ನಾವು ಮರುದಿನವೇ ಗೋಣಿಗಳನ್ನು ತೆಗೆದೆವು. ಉಳಿದ ನಾಲ್ಕು ಹೇಂಟೆಗಳು ಆ ಬೇಸಗೆಯನ್ನು ದಾಟಿದವು.