ಸಿಕ್ಕಾ ತೊಳೆಯಲು ಹೋಗಿ ಅಂಗಡಿ ಸುಟ್ಟುಕೊಂಡೀರಿ, ಜೋಕೆ!

ಕೊಪ್ಪಳ: ಅಟ್ಟದ ಮೇಲಿನ ಹಿತ್ತಾಳೆ ಡಬ್ಬಿ, ಅಜ್ಜಿಯ ಟ್ರಂಕು, ಅಂಗಡಿ ಗಲ್ಲಾದ ಕೆಳಗಿನ ಖಾನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿಯೇ ಆಗಲಿ, ಹಳೆ ಮನೆ ಝಾಡಿಸಿದರೆ ನಾಲ್ಕು ಹಳೆ ರೊಕ್ಕ ಸಿಗುವುದು ಹೊಸ ಮಾತಲ್ಲ. ಸಿಗದೆ ಏನು? 1948ರವರೆಗೆ ಈ ಸೀಮೆ ನಿಜಾಮರದು. ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ನಮ್ಮ ಸಂತೆಗಳಲ್ಲಿ ಓಡಿದ ನಾಣ್ಯ. 1950ರಲ್ಲಿ ಭಾರತದ ರೂಪಾಯಿ ಬಂದಾಗ ಏಳು ಸಿಕ್ಕಾಕ್ಕೆ ಆರು ರೂಪಾಯಿ ಎಂಬ ಲೆಕ್ಕ ಹಾಕಿದರು. 1959ರಲ್ಲಿ ಸಿಕ್ಕಾ ಪೂರ್ತಿ ರದ್ದಾಯಿತು. ರದ್ದಾದರೂ ಜನ ಎಸೆಯಲಿಲ್ಲ, ಗಂಟು ಕಟ್ಟಿ ಇಟ್ಟರು.

ಈಗ ಆ ಗಂಟು ಬಿಚ್ಚುವ ಕಾಲ ಬಂದಿದೆ. ಮೊಬೈಲ್ ತೆರೆದರೆ ಸಾಕು, ‘ಹಳೆ ನಾಣ್ಯಕ್ಕೆ ಲಕ್ಷ ಲಕ್ಷ’ ಎಂಬ ಜಾಹೀರಾತು. ನಮಗೂ ಇದಕ್ಕೂ ಸಂಬಂಧವಿಲ್ಲ, ನಮ್ಮ ಹೆಸರು ಹೇಳಿ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿತು. ಆದರೂ ಆಸೆ ಬಿಟ್ಟೀತೆ? ಲಕ್ಷ ಬರಲಿ ಬಿಡಲಿ, ಮೊದಲು ಫಳಫಳ ಹೊಳೆಯಲಿ ಎಂದು ತೊಳೆಯಲು ಕೂಡುತ್ತಾರೆ.

‘ಏನ್ ಸಾವಕಾರ್ರ, ಇದರ ಜಿಡ್ಡೆಲ್ಲಾ ಎಲ್ಲಿ ಹೋತ್ರಿ?’

‘ಥಿನ್ನರಿನ್ಯಾಗ ಅದ್ದಿ ತಗದೇನಿ ನೋಡ್ರಿ!’

ಇಷ್ಟು ಸುಲಭವಾಗಿ ಹೇಳುವ ಮಾತು ಇದಲ್ಲ.

ಆವಿಗೆ ಕಾಲಿದೆ

ಪೆಟ್ರೋಲ್, ಥಿನ್ನರ್, ಅಸಿಟೋನ್ ಇವೆಲ್ಲ ಜಿಡ್ಡು ಕರಗಿಸುವ ದ್ರಾವಣಗಳು. ಬೆಂಕಿ ಹತ್ತುವುದು ದ್ರಾವಣಕ್ಕಲ್ಲ, ಅದರಿಂದ ಏಳುವ ಆವಿಗೆ. ಅಸಿಟೋನ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿದ್ದರೂ ಕಿಡಿ ಹತ್ತುವಷ್ಟು ಆವಿ ಬಿಡುತ್ತದೆ. 56 ಡಿಗ್ರಿಗೆ ಕುದಿಯುತ್ತದೆ. ಪೆಟ್ರೋಲ್ ಇನ್ನೂ ಬಿರುಸು. ಹೀಗಿದ್ದಾಗ ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ, ತಗಡಿನ ಶೆಡ್ಡಿನೊಳಗೆ, ಬಾಯಿ ತೆರೆದ ಬಟ್ಟಲು ಇಟ್ಟರೆ ಏನಾದೀತು ನೀವೇ ಯೋಚಿಸಿ.

ಈ ಆವಿ ಗಾಳಿಗಿಂತ ಭಾರ. ಹೊಗೆಯಂತೆ ಮೇಲೆ ಹೋಗದೆ ನೆಲಕ್ಕಂಟಿ ಹರಿಯುತ್ತದೆ. ಗಲ್ಲಾದ ಮೇಲೆ ತೊಳೆಯುತ್ತಿದ್ದರೆ ಕೆಳಗೆ ಬಾಗಿಲ ಬಳಿ ಬೀಡಿ ಸೇದುವ ಗಿರಾಕಿಯ ಕಡ್ಡಿಗೆ ಹತ್ತಿಕೊಂಡು, ಬಂದ ದಾರಿಯಲ್ಲೇ ಬಟ್ಟಲಿಗೆ ಮರಳೀತು. ಸಂಜೆ ದೀಪ ಹಚ್ಚಿ ಊದಿನಕಡ್ಡಿ ಬೆಳಗದ ಅಂಗಡಿ ನಮ್ಮಲ್ಲಿ ಯಾವುದು? ವ್ಯಾಪಾರ ತೆಳುವಾದ ಆ ಹೊತ್ತಿನಲ್ಲೇ ಸಾವಕಾರರಿಗೆ ಹಳೆ ರೊಕ್ಕದ ನೆನಪಾಗುವುದು! ಫ್ರಿಜ್ಜು, ಸ್ವಿಚ್ಚುಗಳ ಕಿಡಿಯೂ ಸಾಕು.

ಹತ್ತಿಕೊಂಡರೆ ನೀರು ಸುರಿಯಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇಡೀ ಅಂಗಡಿಗೆ ಹಂಚುತ್ತದೆ. ಬಟ್ಟಲಷ್ಟೇ ಉರಿಯುತ್ತಿದ್ದರೆ ತಟ್ಟೆ ಮುಚ್ಚಿ, ಇಲ್ಲವೆ ಮರಳು ಹಾಕಿ. ಅದಕ್ಕೂ ಮೀರಿದ್ದರೆ ಹೊರಗೆ ಓಡಿ 101ಕ್ಕೆ ಫೋನ್ ಮಾಡಿ.

ತೊಳೆಯಲೇಬೇಕೆ?

ನಿಜ ಹೇಳಬೇಕೆಂದರೆ ಹೆಚ್ಚಿನ ನಾಣ್ಯ ತೊಳೆಯದಿರುವುದೇ ಲೇಸು. ತಾಮ್ರದ ಕಂದು, ಬೆಳ್ಳಿಯ ಕಪ್ಪು ಕೊಳೆಯಲ್ಲ, ವರ್ಷಗಟ್ಟಲೆ ಕೂತು ಕಟ್ಟಿದ ಪದರ. ಸಂಗ್ರಾಹಕರು ಮೊದಲು ನೋಡುವುದು ಅದನ್ನೇ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ತೂತಿನ ಬಿಲ್ಲಿ ಹೊಸ ಕೊಡದಂತೆ ಕೆಂಪಗಾಗಬಹುದು, ಬೆಲೆ ಮಾತ್ರ ಅಲ್ಲಿಗೇ ಹೋಯಿತು. ಅಸಿಟೋನ್ ಈ ಪದರವನ್ನು ಮುಟ್ಟುವುದಿಲ್ಲ. ಎಣ್ಣೆ ಜಿಡ್ಡು, ಅಂಟು, ಪ್ಲಾಸ್ಟಿಕ್ಕಿನ ಹಸಿರು ಲೋಳೆ ಇಷ್ಟನ್ನೇ ತೆಗೆಯುತ್ತದೆ. ಆ ಹಸಿರು ಬರುವುದು ಎಲ್ಲಿಂದ ಗೊತ್ತೆ? ಬಸ್ ಪಾಸ್ ಇಡುವ ಮೆತ್ತನೆ ಪ್ಲಾಸ್ಟಿಕ್ ಕವರಿನಂಥದರಿಂದ. ಅದು ಪಿವಿಸಿ. ಅದೃಷ್ಟದ ಬಿಲ್ಲಿ ಎಂದು ಪಾಸಿನ ಹಿಂದೆ ಸಿಕ್ಕಿಸಿಕೊಂಡು ನಿತ್ಯ ಓಡಾಡುವವರು ಇವತ್ತೇ ತೆಗೆದು ಕಾಗದದಲ್ಲಿ ಸುತ್ತಿಡಲಿ.

ಅಂಥ ಹಸಿರು, ಜಿಡ್ಡು ಇದ್ದರೆ ಮಾತ್ರ ಶುದ್ಧ ಅಸಿಟೋನ್ ತನ್ನಿ. ಉಗುರಿನ ಬಣ್ಣ ತೆಗೆಯುವ ಸೀಸೆಯಲ್ಲಿ ಬಣ್ಣ, ವಾಸನೆ, ಎಣ್ಣೆ ಬೆರೆತಿರುತ್ತವೆ, ಅದು ಬೇಡ. ಹೊರಗೆ ಅಂಗಳದಲ್ಲಿ, ನೆರಳಿನಲ್ಲಿ, ಮಕ್ಕಳನ್ನು ದೂರ ಇಟ್ಟು ಕೂಡಿ. ಬಟ್ಟಲು ಗಾಜಿನದೋ ಸ್ಟೀಲಿನದೋ ಇರಲಿ. ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ ಕರಗಿ ನಾಣ್ಯಕ್ಕೇ ಅಂಟೀತು. ನಾಣ್ಯ ಮುಳುಗುವಷ್ಟು ಹಾಕಿ, ಮೇಲೆ ತಟ್ಟೆ ಮುಚ್ಚಿ. ಸ್ವಲ್ಪ ಹೊತ್ತು ಬಿಟ್ಟು ಬಿದಿರು ಕಡ್ಡಿಯಿಂದ ಎತ್ತಿ ಇನ್ನೊಂದು ಬಟ್ಟಲಿನ ಹೊಸ ಅಸಿಟೋನಿನಲ್ಲಿ ಅದ್ದಿ. ಮೆತ್ತನೆ ಬಟ್ಟೆಯ ಮೇಲೆ ತಾನೇ ಒಣಗಲಿ, ಉಜ್ಜಬೇಡಿ. ಆಸ್ಪತ್ರೆಯ ತೆಳು ಕೈಚೀಲವನ್ನು ನಂಬಬೇಡಿ, ಅಸಿಟೋನ್ ಅದನ್ನು ಬೇಗ ದಾಟುತ್ತದೆ. ಬೆರಳು ಅದ್ದದಿರುವುದೇ ಉಪಾಯ, ಅದ್ದಿದರೆ ಚರ್ಮ ಒಣಗಿ ಬಿರಿಯುತ್ತದೆ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ನೀರು ಹಾಕಿ ಆಸ್ಪತ್ರೆಗೆ ಹೋಗಬೇಕು. ಬ್ಲೀಚಿಂಗ್ ಪುಡಿ, ಹೈಡ್ರೋಜನ್ ಪೆರಾಕ್ಸೈಡ್ ಹತ್ತಿರವೂ ತರಬೇಡಿ. ಪೆರಾಕ್ಸೈಡ್ ಬೆರೆತರೆ ಸಿಡಿಯುವ ವಸ್ತು ಹುಟ್ಟೀತು.

ಪತ್ತಾರರ ನೈಟ್ರಿಕ್ ಆಸಿಡ್ ಪತ್ತಾರರಿಗೇ ಇರಲಿ. ಹಾಲಿ ಸಿಕ್ಕಾ ಅಚ್ಚ ಬೆಳ್ಳಿಯಲ್ಲ, ನೂರರಲ್ಲಿ 82 ಪಾಲು ಮಾತ್ರ. ಆಸಿಡ್ ಬೆಳ್ಳಿ, ತಾಮ್ರ ಎರಡನ್ನೂ ತಿನ್ನುತ್ತದೆ. ಏಳುವ ಕೆಂಗಂದು ಹೊಗೆ ಕುಡಿದವನು ಆಗ ಬರೇ ಕೆಮ್ಮಿ ಸುಮ್ಮನಾದಾನು. ಎಷ್ಟೋ ತಾಸಿನ ಮೇಲೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟೀತು.

ಸೈನೈಡಂತೂ ಬೇಡವೇ ಬೇಡ. ಹಟ್ಟಿ ಚಿನ್ನದ ಗಣಿ ದೂರವಿಲ್ಲ, ಅದರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಜಾನ್ ಸ್ಯಾನ್‌ಫರ್ಡ್ ಸಾಲ್ಟಸ್ ಎಂಬ ಅಮೆರಿಕದ ಶ್ರೀಮಂತ, ಹೆಸರಾಂತ ನಾಣ್ಯಶಾಸ್ತ್ರಜ್ಞ. 1922ರ ಜೂನ್‌ನಲ್ಲಿ ಲಂಡನ್ನಿನ ಹೋಟೆಲ್ ಕೋಣೆಯಲ್ಲಿ ನಾಣ್ಯ ತೊಳೆಯಲು ಪೊಟ್ಯಾಸಿಯಂ ಸೈನೈಡ್ ತರಿಸಿಕೊಂಡಿದ್ದ. ಕುಡಿಯಲು ಶುಂಠಿ ಪಾನೀಯವನ್ನೂ ತರಿಸಿದ್ದ. ಕೈ ತಪ್ಪಿ ಸೈನೈಡ್ ಕುಡಿದು ಸತ್ತ. ಅಷ್ಟು ಬಲ್ಲವನ ಗತಿ ಹೀಗಾದರೆ, ಚಹಾದ ಗ್ಲಾಸಿನಲ್ಲಿ ಥಿನ್ನರ್ ಇಡುವ, ಸೋಡಾ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಡುವ ನಮ್ಮ ಅಂಗಡಿಗಳ ಗತಿ? ಯಾರಾದರೂ ಕುಡಿದರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೇ ಒಯ್ಯಿರಿ.

ಉಳಿದ ಅಸಿಟೋನನ್ನು ಗಟಾರಕ್ಕೆ ಚೆಲ್ಲಬೇಡಿ. ಒಂದೆರಡು ಚಮಚವಿದ್ದರೆ ಬಯಲಿನಲ್ಲಿ, ಬೆಂಕಿಯಿಂದ ದೂರ ಇಟ್ಟರೆ ತಾನೇ ಆರಿಹೋಗುತ್ತದೆ. ಒರೆಸಿದ ಬಟ್ಟೆಯನ್ನೂ ಅಲ್ಲೇ ಹರವಿ. ಹುಬ್ಬಳ್ಳಿ, ಹೊಸಪೇಟೆಯಿಂದ ಥಿನ್ನರ್ ಕ್ಯಾನು ಕೊಂಡು ಬಸ್ಸಿನ ಸೀಟಿನಡಿ ತಳ್ಳಿಕೊಂಡು ಬರುವವರೂ ಉಂಟು. ಅದಕ್ಕೆ ಬಸ್ಸಿನಲ್ಲಿ ಅವಕಾಶವಿಲ್ಲ. ಕಂಡಕ್ಟರ್ ಇಳಿಸಿದರೆ ಜಗಳಕ್ಕೆ ನಿಲ್ಲಬೇಡಿ.

ಇನ್ನು ಆನೆಗೊಂದಿ ಸುತ್ತ ಹೊಲ ಉಳುವಾಗ ವಿಜಯನಗರದ ಹೊನ್ನು ಕಂಡಿತೆನ್ನಿ, ಅದನ್ನು ತೊಳೆಯುವ ಮಾತೇ ಇಲ್ಲ. ನೆಲದಲ್ಲಿ ಸಿಕ್ಕ ನಿಧಿಯ ಸುದ್ದಿ ಮುಟ್ಟಿಸಬೇಕಾದ್ದು ಜಿಲ್ಲಾಧಿಕಾರಿಗೆ. ಮಣ್ಣು ಮೆತ್ತಿದ್ದರೆ ಮೆತ್ತಿದ ಹಾಗೇ ಒಪ್ಪಿಸಿ.